ಎರಡು ಶಾಸ್ತ್ರಗಳ ನಡುವಿನ ಮನೆ

ಕಳೆದ ಚಳಿಗಾಲದಲ್ಲಿ ಅಪ್ಪ ಊರಿನಿಂದ ಫೋನು ಮಾಡಿ, ಹಳೆಯ ಮನೆಯನ್ನು ಮಾರಲು ನಿಶ್ಚಯಿಸಿರುವುದಾಗಿ ತಿಳಿಸಿದರು. ಬೀದರ ಜಿಲ್ಲೆಯ ಹುಮನಾಬಾದ ಸೀಮೆಯ ಹಳ್ಳಿಯೊಂದರಲ್ಲಿ ನಮ್ಮ ಮುತ್ತಜ್ಜನ ಕಾಲದಿಂದ ಪಾಲಾಗದೆ ಉಳಿದು ಬಂದ ಮಾಳಿಗೆ ಮನೆ ಅದು. ನಾನು ಮಾತಿಲ್ಲದೆ ನಿಂತದ್ದನ್ನು ಅವರು ಆಚೆಯಿಂದಲೇ ಅರಿತಿರಬೇಕು. “ಬಂದು ಒಂದು ಸಹಿ ಹಾಕಿ ಹೋಗಪ್ಪ. ನಿನ್ನದೂ ನಿನ್ನ ತಂಗಿದೂ ಇಲ್ಲಂದ್ರ ಆಗೂದಿಲ್ಲ ಅಂತಾರ ವಕೀಲರು” ಎಂದರು. ಮಾರಿ ಬಂದ ಹಣದಲ್ಲಿ ಕಲಬುರಗಿಯಲ್ಲಿ, ತಂಗಿಯ ಮನೆಯ ಓಣಿಯಲ್ಲಿಯೇ, ನೆಲಮಾಳಿಗೆಯ ಮೆಟ್ಟಿಲುಗಳಿಲ್ಲದ ಎರಡು ಕೋಣೆಗಳ ಸಣ್ಣ ಮನೆಯೊಂದನ್ನು ಕೊಳ್ಳುವುದು ಅವರ ಯೋಚನೆ. ಅವ್ವನ ಮೊಣಕಾಲಿಗೂ ಆಸ್ಪತ್ರೆಯ ದಾರಿಗೂ ಅದೇ ಅನುಕೂಲ.

ವಿಷಯದಲ್ಲಿ ಆಕ್ಷೇಪಿಸುವಂಥದ್ದೇನೂ ಇರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸರ್ಕಾರಿ ನೌಕರಿಯಲ್ಲಿ ವರ್ಗವಾಗುತ್ತ, ಮೂರು ರಾಜ್ಯಗಳನ್ನು ದಾಟಿ ಕೋಲ್ಕತ್ತದ ಸಾಲ್ಟ್ ಲೇಕ್‌ಗೆ ಬಂದು ನೆಲೆಸಿರುವ ನಾನು ಆ ಮನೆಯಲ್ಲಿ ವರ್ಷಕ್ಕೆ ಹತ್ತು ದಿನ ಇದ್ದರೆ ಹೆಚ್ಚು. ಹಾಗಿದ್ದೂ ಅದು ಇರಬೇಕು, ಅಪ್ಪ ಅದರ ಪಡಸಾಲೆಯಲ್ಲಿ ಕುಳಿತಿರಬೇಕು ಎಂದು ನಾನು ಎಂದಿನಿಂದಲೋ ನಂಬಿಕೊಂಡಿದ್ದೆ. ವಯಸ್ಸಾದ ತಂದೆತಾಯಿ ಮಗಳ ಆಸರೆಗೆ ಹೋಗುವುದು ನಮ್ಮ ಕಡೆ ಇಂದಿಗೂ ಮಗನಿಗೆ ಸಣ್ಣತನವೆನಿಸುವ ಸಂಗತಿ ಎಂಬುದೂ ಆ ನಿದ್ರೆಗೇಡಿನಲ್ಲಿ ಸೇರಿತ್ತು.

ಮರುದಿನ ಮನೆಯ ಯಜಮಾನರ ಬಳಿ ಈ ಮಾತು ತೆಗೆದೆ. ನಾವಿರುವ ಮನೆಯ ಕೆಳ ಅಂತಸ್ತಿನಲ್ಲಿ ಅವರೂ ಅವರ ಪತ್ನಿಯೂ ವಾಸಿಸುತ್ತಾರೆ. ಇಲ್ಲಿಯ ರೂಢಿಯಂತೆ ನಾನು ಅವರನ್ನು ಮೇಶೋಮಶಾಯ್ ಎಂದೂ ಆಕೆಯನ್ನು ಮಾಶಿಮಾ ಎಂದೂ ಕರೆಯುತ್ತೇನೆ. ಮೇಶೋಮಶಾಯ್ ಬಹುಕಾಲ ವಕೀಲಿ ಮಾಡಿ ನಿವೃತ್ತರಾದವರು. ನನ್ನ ಮಾತನ್ನು ಕೇಳಿ ನಕ್ಕರು. “ಹಿಂದಿನ ಕಾಲವಾಗಿದ್ದರೆ ನಮ್ಮ ಬಂಗಾಳದಲ್ಲಿ ನಿಮ್ಮ ತಂದೆ ನಿಮ್ಮನ್ನು ಕೇಳುವ ಅಗತ್ಯವೇ ಇರಲಿಲ್ಲ. ನಿಮ್ಮದು ಮಿತಾಕ್ಷರ, ನಮ್ಮದು ದಾಯಭಾಗ. ಆ ಸಹಿಯನ್ನು ಕೇಳುತ್ತಿರುವವರು ನಿಮ್ಮ ಊರಿನ ಪಂಡಿತರು” ಎಂದರು. ಹಾಸ್ಯಕ್ಕೆ ಆಡಿದ ಮಾತು ಅಕ್ಷರಶಃ ನಿಜವಾಗಿತ್ತು. ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರರು ಇದ್ದದ್ದು ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ನಮ್ಮ ಹಳ್ಳಿಯಿಂದ ಅದು ಬಸ್ಸಿನ ದಾರಿ.

ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ, ಅರ್ಧ ಶತಮಾನ ಆಳಿದ ದೊರೆ. ಕಾಶ್ಮೀರದಿಂದ ಬಂದ ಬಿಲ್ಹಣನು ಆತನ ಚರಿತ್ರೆಯನ್ನು ಸಂಸ್ಕೃತ ಕಾವ್ಯವಾಗಿಸಿದ್ದು ಇದೇ ಆಸ್ಥಾನದಲ್ಲಿ. ಅದೇ ಕಾಲದಲ್ಲಿ ವಿಜ್ಞಾನೇಶ್ವರರು ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ ಬರೆದು ಅದಕ್ಕೆ ಮಿತಾಕ್ಷರ, ಅಂದರೆ ಅಳೆದು ಬಳಸಿದ ಮಾತು, ಎಂದು ಹೆಸರಿಟ್ಟರು. ಅದರ ದಾಯವಿಭಾಗದ ತಿರುಳನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ತಂದೆ ಅದರ ಒಡೆಯನಲ್ಲ, ಆಡಳಿತಗಾರ. ಮಗ, ಮೊಮ್ಮಗ, ಮರಿಮಗ ಇವರೆಲ್ಲ ಸಹಭಾಗಿಗಳು. ಕುಟುಂಬದ ತುರ್ತು ಅಗತ್ಯಕ್ಕಲ್ಲದೆ ತಂದೆ ತನ್ನಿಚ್ಛೆಯಂತೆ ಅದನ್ನು ಮಾರುವಂತಿಲ್ಲ. ಮನೆಯಲ್ಲಿ ತೊಟ್ಟಿಲು ತೂಗಿದರೆ ಪ್ರತಿಯೊಬ್ಬರ ಪಾಲೂ ಕುಗ್ಗುತ್ತದೆ, ಸಾವಾದರೆ ಹಿಗ್ಗುತ್ತದೆ. ಹೀಗಾಗಿ ಪಾಲಾಗುವವರೆಗೆ ಯಾರ ಪಾಲು ಎಷ್ಟೆಂದು ಹೇಳಲು ಬರುವುದಿಲ್ಲ.

ಹೆಚ್ಚುಕಡಿಮೆ ಅದೇ ಯುಗದಲ್ಲಿ, 12ನೆಯ ಶತಮಾನದ ಆಸುಪಾಸಿನಲ್ಲಿ, ಬಂಗಾಳದ ಜೀಮೂತವಾಹನನು ದಾಯಭಾಗವೆಂಬ ಗ್ರಂಥವನ್ನು ರಚಿಸಿದನು. ಆಧರಿಸಿದ್ದು ಬಹುಮಟ್ಟಿಗೆ ಅವೇ ಸ್ಮೃತಿಗಳನ್ನು. ತಲುಪಿದ ತೀರ್ಮಾನ ಮಾತ್ರ ತದ್ವಿರುದ್ಧ. ತಂದೆ ಬದುಕಿರುವವರೆಗೆ ಮಗನಿಗೆ ಯಾವ ಹಕ್ಕೂ ಇಲ್ಲ. ಪಿತ್ರಾರ್ಜಿತವನ್ನೂ ತಂದೆ ಮಾರಬಹುದು, ಕೊಡಬಹುದು. ಅವನು ತೀರಿಕೊಂಡ ಮೇಲೆಯೇ ಮಕ್ಕಳಿಗೆ ಹಕ್ಕು ಹುಟ್ಟುತ್ತದೆ, ಆಗ ಒಬ್ಬೊಬ್ಬನ ಪಾಲೂ ನಿಶ್ಚಿತ. ಗಂಡುಮಕ್ಕಳಿಲ್ಲದೆ ಸತ್ತವನ ವಿಧವೆಗೆ, ಕುಟುಂಬ ಒಟ್ಟಾಗಿದ್ದರೂ, ಅವನ ಪಾಲು ಸಲ್ಲುತ್ತದೆ. ಆಕೆ ಅದನ್ನು ಬದುಕಿರುವತನಕ ಅನುಭವಿಸಬಹುದು. ಕೋಲ್ಕತ್ತದ ಸದರ್ ದಿವಾನಿ ಅದಾಲತ್ತಿನ ನ್ಯಾಯಾಧೀಶನಾಗಿದ್ದ ಹೆನ್ರಿ ಥಾಮಸ್ ಕೋಲ್‌ಬ್ರೂಕ್ 1810ರಲ್ಲಿ ಈ ಎರಡು ಗ್ರಂಥಗಳ ದಾಯದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಒಂದೇ ಸಂಪುಟದಲ್ಲಿ ಪ್ರಕಟಿಸಿದನು. ಆಮೇಲೆ ಬ್ರಿಟಿಷ್ ನ್ಯಾಯಾಲಯಗಳಲ್ಲಿ ಬಂಗಾಳಕ್ಕೆ ದಾಯಭಾಗ, ಉಳಿದ ಭಾರತದ ಬಹುಭಾಗಕ್ಕೆ ಮಿತಾಕ್ಷರ ಎಂಬ ವಿಂಗಡಣೆ ಗಟ್ಟಿಯಾಯಿತು. ಪಂಡಿತರ ಚರ್ಚೆಯಲ್ಲಿ ಮೆದುವಾಗಿದ್ದದ್ದು ಅಚ್ಚಿನಲ್ಲಿ ಕಾನೂನಾಗಿ ಬಿಗಿಯಿತು.

ಶಾಸ್ತ್ರಗಳೆಂದರೆ ಆಸ್ತಿಯ ಲೆಕ್ಕವಷ್ಟೇ ಎಂದು ನಾನು ತಿಳಿದಿದ್ದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ಒಂದು ಕುಟುಂಬದಲ್ಲಿ ಯಾರು ಯಾರಿಂದ ಏನನ್ನು ನಿರೀಕ್ಷಿಸಬಹುದು ಎಂಬ ಪ್ರಶ್ನೆಗೆ ಅವು ಎರಡು ಉತ್ತರಗಳೆಂದು ತೋರಿತು. ಮಿತಾಕ್ಷರದಲ್ಲಿ ನಿರೀಕ್ಷೆಯೇ ಹಕ್ಕು: ಹುಟ್ಟಿದೆನಾದ್ದರಿಂದ ಇದು ನನ್ನದು. ದಾಯಭಾಗದಲ್ಲಿ ಮಗನ ನಿರೀಕ್ಷೆಗೆ ತಂದೆಯ ಪ್ರೀತಿಯನ್ನು ಬಿಟ್ಟು ಬೇರೆ ಆಧಾರವಿಲ್ಲ. ಹಾಗಾದರೆ ಯಾವ ಶಾಸ್ತ್ರದ ಮನೆಯಲ್ಲಿ ನೆಮ್ಮದಿ ಹೆಚ್ಚಿತ್ತು? ಚರಿತ್ರೆ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ಆದರೆ ಬಂಗಾಳದ ಎರಡು ಮನೆತನಗಳ ಕಥೆ ನನ್ನ ಮನಸ್ಸಿಗೆ ಹತ್ತಿರ ಬಂದಿತು.

ಮೊದಲನೆಯದು ಠಾಕೂರ್ ಮನೆತನದ ಪಾಥುರಿಯಾಘಾಟ ಶಾಖೆಯದು. ಪ್ರಸನ್ನಕುಮಾರ ಠಾಕೂರರು 19ನೆಯ ಶತಮಾನದ ಕೋಲ್ಕತ್ತದ ಪ್ರಸಿದ್ಧ ವಕೀಲರು, ಅಪಾರ ಶ್ರೀಮಂತರು. ಅವರಿಗೆ ಒಬ್ಬನೇ ಮಗ, ಜ್ಞಾನೇಂದ್ರಮೋಹನ. ಈತನು 1851ರಲ್ಲಿ ಕ್ರೈಸ್ತ ಮತವನ್ನು ಸ್ವೀಕರಿಸಿ, ಪಾದ್ರಿ ಕೃಷ್ಣಮೋಹನ ಬಂದ್ಯೋಪಾಧ್ಯಾಯರ ಮಗಳನ್ನು ಮದುವೆಯಾದನು. ಮುಂದೆ ಇಂಗ್ಲೆಂಡಿಗೆ ಹೋಗಿ 1862ರಲ್ಲಿ ಬ್ಯಾರಿಸ್ಟರ್ ಆದನು. ಆ ಪದವಿಯನ್ನು ಪಡೆದ ಮೊದಲ ಭಾರತೀಯ ಆತನೇ. ಅದೇ 1862ರಲ್ಲಿ ತಂದೆ ಉಯಿಲು ಬರೆದರು. ಅದರಲ್ಲಿ ಮಗನಿಗೆ ಏನೂ ಇರಲಿಲ್ಲ. ದಾಯಭಾಗದ ನಾಡಿನಲ್ಲಿ ತಂದೆಗೆ ಆ ಅಧಿಕಾರವಿತ್ತು.

ಅವರು ಅಲ್ಲಿಗೇ ನಿಲ್ಲಲಿಲ್ಲ. ಆಸ್ತಿಯು ಮೊದಲು ಅಣ್ಣನ ಮಗ ಜತೀಂದ್ರಮೋಹನನಿಗೆ ಜೀವಿತಾವಧಿಗೆ ಸಲ್ಲಬೇಕು, ಆಮೇಲೆ ಅವನ ಗಂಡುಮಕ್ಕಳಿಗೆ, ಆ ಸಂತತಿ ಇಲ್ಲದಿದ್ದರೆ ಇಂಥವರ ಸಂತತಿಗೆ ಎಂದು, ಇನ್ನೂ ಹುಟ್ಟದಿದ್ದ ತಲೆಮಾರುಗಳವರೆಗೆ ಸಾಲುಸಾಲಾಗಿ ಗೊತ್ತುಮಾಡಿದರು. 1868ರಲ್ಲಿ ಅವರು ತೀರಿಕೊಂಡ ಮೇಲೆ ಮಗ ನ್ಯಾಯಾಲಯಕ್ಕೆ ಹೋದನು. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಏರಿತು. 1872ರ ತೀರ್ಪು ಹಿಂದೂ ಕಾನೂನಿನ ಪಾಠಗಳಲ್ಲಿ ಇಂದಿಗೂ ಬರುತ್ತದೆ. ಮಗನನ್ನು ಹೊರಗಿಡುವ ಹಕ್ಕು ತಂದೆಗಿದೆ. ಜತೀಂದ್ರಮೋಹನರ ಜೀವಿತಾವಧಿಯ ಹಕ್ಕೂ ಸರಿಯೇ. ಆದರೆ ಉಯಿಲು ಬರೆದವನು ಸಾಯುವಾಗ ಹುಟ್ಟಿಯೇ ಇರದವನಿಗೆ ದಾನ ಕೊಡಲು ಬಾರದು. ಹಿಂದೂ ಕಾನೂನು ಅರಿಯದ ಹೊಸ ಬಗೆಯ ಉತ್ತರಾಧಿಕಾರವನ್ನು ಒಬ್ಬ ವ್ಯಕ್ತಿ ತನ್ನ ಇಚ್ಛೆಯಿಂದ ಸೃಷ್ಟಿಸಲು ಬಾರದು. ಆದ್ದರಿಂದ ಆ ಜೀವಿತಾವಧಿ ಮುಗಿದ ಮೇಲೆ ಆಸ್ತಿ ಸಹಜ ವಾರಸುದಾರನಾದ ಅದೇ ಮಗನ ಕಡೆಗೇ ಮರಳಬೇಕೆಂದು ತೀರ್ಪಾಯಿತು. ಜ್ಞಾನೇಂದ್ರಮೋಹನರು 1890ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಜತೀಂದ್ರಮೋಹನರು 1908ರವರೆಗೆ ಬದುಕಿದ್ದರು.

ಪ್ರಸನ್ನಕುಮಾರರನ್ನು ಇಂದು ಹಳಿಯುವುದು ಸುಲಭ. ಅವರು ಜ್ಞಾನದ್ವೇಷಿಯಲ್ಲ. ಕೋಲ್ಕತ್ತ ವಿಶ್ವವಿದ್ಯಾಲಯದ ಠಾಕೂರ್ ಕಾನೂನು ಉಪನ್ಯಾಸಗಳು ಅವರು ಅದೇ ಉಯಿಲಿನಲ್ಲಿ ಬಿಟ್ಟುಹೋದ ದತ್ತಿಯಿಂದ ನಡೆದು ಬಂದವು. ಪರರ ಮಕ್ಕಳು ಕಾನೂನನ್ನು ಕಲಿಯಲೆಂದು ಧಾರಾಳವಾಗಿ ಕೊಟ್ಟವರು, ಕಾನೂನನ್ನೇ ಕಲಿತ ತಮ್ಮ ಮಗನು ತಾವೆಣಿಸಿದಂತೆ ಇರಲಿಲ್ಲವೆಂಬುದನ್ನು ಸಹಿಸಲಾರದೆ ಹೋದರು. ತಾನು ಸತ್ತ ಮೇಲೂ, ತಾನೆಂದೂ ಕಾಣದವರ ಬಾಳನ್ನೂ ತನ್ನ ನಿರೀಕ್ಷೆಯೇ ಆಳಬೇಕೆಂದು ಬಯಸಿದ ಈ ತಂದೆಯನ್ನು ಕುರಿತು ಓದುವಾಗ ನನಗೆ ಕೋಪಕ್ಕಿಂತ ಮರುಕವೇ ಹೆಚ್ಚಾಯಿತು.

ಎರಡನೆಯ ಮನೆತನ ನಮಗೆ, ಕನ್ನಡಿಗರಿಗೆ, ನೆಂಟಸ್ತಿಕೆಯುಳ್ಳದ್ದು. ಬಂಗಾಳವನ್ನು 12ನೆಯ ಶತಮಾನದಲ್ಲಿ ಆಳಿದ ಸೇನರು ತಮ್ಮನ್ನು ಕರ್ಣಾಟ ದೇಶದಿಂದ ಬಂದವರೆಂದು ಹೇಳಿಕೊಂಡವರು. ವಿಜಯಸೇನನ ದೇವಪಾಡಾ ಶಾಸನ ಈ ವಂಶದ ಸಾಮಂತಸೇನನನ್ನು ಕರ್ಣಾಟದ ಸಿರಿಯನ್ನು ಕಾಪಾಡಲು ಹೋರಾಡಿದ ವೀರನೆಂದು ಬಣ್ಣಿಸುತ್ತದೆ. ಮುಪ್ಪಿನಲ್ಲಿ ಆತನು ಗಂಗಾತೀರದ ಆಶ್ರಮಗಳಲ್ಲಿ ಕಾಲ ಕಳೆದನೆಂದೂ ತಿಳಿಸುತ್ತದೆ. ಯುವರಾಜನಾಗಿದ್ದ ವಿಕ್ರಮಾದಿತ್ಯನು ಗೌಡ ಮತ್ತು ಕಾಮರೂಪಗಳ ಮೇಲೆ ದಂಡೆತ್ತಿ ಹೋದನೆಂದು ಬಿಲ್ಹಣ ಹೇಳುತ್ತಾನೆ. ಅಂತಹ ದಂಡಯಾತ್ರೆಗಳ ಜೊತೆಯಲ್ಲಿ ಬಂದವರು ಇಲ್ಲಿಯೇ ನೆಲೆಸಿರಬಹುದೆಂದು ಇತಿಹಾಸಕಾರರು ಊಹಿಸುತ್ತಾರೆ. ನಮ್ಮಂತಹ ಹೊರನಾಡಿಗರ ಹಿರಿಯರು ಅವರು ಎನ್ನೋಣ.

ಈ ಮನೆತನದಲ್ಲಿ ಕೆಲವೇ ತಲೆಮಾರುಗಳೊಳಗೆ ಎಲ್ಲವೂ ಬದಲಾಯಿತು. ನಾಡು ಬದಲಾಯಿತು, ಕಾಲಕ್ರಮದಲ್ಲಿ ಸೇನರು ಬಂಗಾಳದವರೇ ಆಗಿಹೋದರು. ಮನೆದೇವರೂ ಬದಲಾಯಿತು. ವಿಜಯಸೇನನೂ ಅವನ ಮಗ ಬಲ್ಲಾಳಸೇನನೂ ಪರಮಮಾಹೇಶ್ವರರೆಂದು ಕರೆದುಕೊಂಡ ಶೈವರು. ಬಲ್ಲಾಳಸೇನನ ಮಗ ಲಕ್ಷ್ಮಣಸೇನನಾದರೋ ಪರಮವೈಷ್ಣವನೆಂಬ ಬಿರುದನ್ನು ಧರಿಸಿದನು. ಗೀತಗೋವಿಂದದ ಜಯದೇವನನ್ನು ಸಂಪ್ರದಾಯ ಆತನ ಆಸ್ಥಾನಕ್ಕೇ ಸೇರಿಸುತ್ತದೆ. ತಂದೆಯ ದೇವರನ್ನು ಮಗನು ಮುಂದುವರಿಸಲಿಲ್ಲ. ಆದರೆ ಇನ್ನೊಂದು ಸಂಗತಿಯಿದೆ. ಬಲ್ಲಾಳಸೇನನು ವಿದ್ವಾಂಸ, ಶಕುನ, ಉತ್ಪಾತಗಳನ್ನು ಕುರಿತ ಅದ್ಭುತಸಾಗರವೆಂಬ ದೊಡ್ಡ ಗ್ರಂಥವನ್ನು ಬರೆಯಲು ತೊಡಗಿ, ಮುಗಿಸಲಾರದೆ ಹೋದನು. ಅದನ್ನು ಪೂರ್ಣಗೊಳಿಸಿದವನು ಬೇರೆ ದೇವರಿಗೆ ಶರಣಾಗಿದ್ದ ಆ ಮಗನೇ.

ಮತಾಂತರವನ್ನೂ ಮನೆದೇವರ ಬದಲಾವಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬಾರದೆಂಬುದನ್ನು ನಾನು ಬಲ್ಲೆ. ಏಳು ಶತಮಾನಗಳ ಅಂತರವೂ ಇದೆ. ಆದರೂ ಅರ್ಧಕ್ಕೆ ನಿಂತ ಆ ಗ್ರಂಥದ ವಿಷಯ ನನ್ನನ್ನು ಬಿಡದೆ ಕಾಡಿತು. ತಂದೆಯ ಯಾವುದನ್ನು ಮಗ ಎತ್ತಿಕೊಳ್ಳುತ್ತಾನೆ, ಯಾವುದನ್ನು ಅಲ್ಲಿಯೇ ಬಿಡುತ್ತಾನೆ ಎಂಬುದನ್ನು ಗೊತ್ತುಪಡಿಸಲು ಮಿತಾಕ್ಷರಕ್ಕಾಗಲಿ ದಾಯಭಾಗಕ್ಕಾಗಲಿ ಸಾಧ್ಯವಿಲ್ಲ. ಆಸ್ತಿಯನ್ನು ಬರೆದಿಡಬಹುದು. ಉಳಿದದ್ದನ್ನು ಮಗನು ತಾನಾಗಿ ತೆಗೆದುಕೊಂಡರೆ ಮಾತ್ರ ಅದು ಮುಂದಕ್ಕೆ ಹೋಗುತ್ತದೆ.

ಇಷ್ಟು ಹಳೆಯ ಕಾಲದಿಂದ ನಾನು ವಾಸಿಸುವ ಊರಿಗೆ ಬರುತ್ತೇನೆ. ಏಕೆಂದರೆ ಸಾಲ್ಟ್ ಲೇಕ್ ಕೂಡ ನಿರೀಕ್ಷೆಗಳ ಮೇಲೆಯೇ ಕಟ್ಟಿದ ಊರು. ಕೋಲ್ಕತ್ತದ ಪೂರ್ವಕ್ಕಿದ್ದ ಉಪ್ಪುನೀರಿನ ಜೌಗನ್ನು ತುಂಬಿಸಿ ಹೊಸ ನಗರವನ್ನು ನಿರ್ಮಿಸಬೇಕೆಂಬುದು ಮುಖ್ಯಮಂತ್ರಿ ಡಾ. ಬಿಧಾನಚಂದ್ರ ರಾಯ್ ಅವರ ಕನಸು. ದೇಶವಿಭಜನೆಯ ನಂತರ ಕೋಲ್ಕತ್ತ ಉಸಿರುಕಟ್ಟುವಷ್ಟು ತುಂಬಿಹೋಗಿತ್ತು. ಯುಗೋಸ್ಲಾವಿಯದ ಸಂಸ್ಥೆಯೊಂದು ಕಾಮಗಾರಿಯನ್ನು ವಹಿಸಿಕೊಂಡಿತು. ಅದೇ ದೇಶದ ದೊಬ್ರಿವೊಯೆ ತೊಷ್ಕೊವಿಚ್ ನಗರದ ನಕ್ಷೆಯನ್ನು ರೂಪಿಸಿದರು. 1962ರ ಏಪ್ರಿಲ್‌ನಲ್ಲಿ ಕೆಲಸಕ್ಕೆ ಚಾಲನೆ ದೊರೆತು, ಹೂಗ್ಲಿ ನದಿಯ ತಳದ ಹೂಳು ಕೊಳವೆಗಳಲ್ಲಿ ಹರಿದು ಬಂದು ಮೀನುಕೆರೆಗಳನ್ನು ತುಂಬಿತು. ಆ ಕೆರೆಗಳನ್ನು ನಂಬಿ ಬದುಕಿದ್ದ ಮೀನುಗಾರರ ಜೀವನ ಅದರಡಿ ಹೂತುಹೋಯಿತೆಂಬುದನ್ನು ಇಲ್ಲಿ ನೆಲೆಸಿರುವ ನಾವು ಮರೆಯಬಾರದು. ಡಾ. ರಾಯ್ ಅದೇ ವರ್ಷ ಜುಲೈ 1ರಂದು, ತಮ್ಮ ಹುಟ್ಟುಹಬ್ಬದ ದಿನವೇ, ನಿಧನರಾದರು. ತಾವು ಕನಸು ಕಂಡ ಊರನ್ನು ಅವರು ನೋಡಲಿಲ್ಲ. 1971ರಲ್ಲಿ ಇನ್ನೂ ಬಯಲಾಗಿದ್ದ ಇದೇ ನೆಲದಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರ ಬೃಹತ್ ಶಿಬಿರವಿತ್ತು. ಮುಂದೆ ಈ ನಗರಕ್ಕೆ ಬಿಧಾನನಗರವೆಂಬ ಹೆಸರು ಬಂದಿತು.

ನಿವೇಶನಗಳನ್ನು ಸರ್ಕಾರ 999 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಕೆಲವೇ ಕಠಾ ಜಾಗ. ಒಂದು ಕಠಾ ಎಂದರೆ 720 ಚದರ ಅಡಿ. ಗುತ್ತಿಗೆಯ ಜಾಗವನ್ನು ಪರಭಾರೆ ಮಾಡುವುದರ ಮೇಲೆ ಬಹಳ ಕಾಲ ಕಟ್ಟುನಿಟ್ಟಾದ ನಿರ್ಬಂಧಗಳಿದ್ದವು. ಉತ್ತರ ಕೋಲ್ಕತ್ತದ ಅವಿಭಕ್ತ ಕುಟುಂಬಗಳ ಹಳೆಯ ಮನೆಗಳಲ್ಲಿ ಒಂದೊಂದು ಕೋಣೆಯಲ್ಲಿ ಸಂಸಾರ ಮಾಡಿದ ಎಷ್ಟೋ ನೌಕರರು, ಅಧ್ಯಾಪಕರು, ವಕೀಲರು ಭವಿಷ್ಯನಿಧಿಯ ಹಣವನ್ನೆಲ್ಲ ಸುರಿದು ಇಲ್ಲಿ ಮನೆ ಕಟ್ಟಿದರು. ಒಟ್ಟು ಕುಟುಂಬದಿಂದ ಬಿಡಿಸಿಕೊಂಡು ಬಂದವರೇ ಇಲ್ಲಿ ತಮ್ಮ ಮಕ್ಕಳ ಒಟ್ಟು ಕುಟುಂಬಕ್ಕೆ ಅಡಿಪಾಯ ಹಾಕಿದರು. ನಮ್ಮ ಮೇಶೋಮಶಾಯ್ ಅಂಥವರಲ್ಲೊಬ್ಬರು. ಕೆಳಗೆ ತಮಗೆ, ನಡುವೆ ಹಿರಿಯ ಮಗನಿಗೆ, ಮೇಲೆ ಕಿರಿಯನಿಗೆ ಎಂದು ಮೂರು ಅಂತಸ್ತು ಕಟ್ಟಿಸಿದರು. ಸೊಸೆಯರಿಗೆ ಇಕ್ಕಟ್ಟಾಗಬಾರದೆಂದು ಪ್ರತಿ ಅಂತಸ್ತಿಗೂ ಒಂದು ಅಡುಗೆಮನೆ. ಹಿರಿಯ ಮಗ ಅಮೆರಿಕದಲ್ಲಿದ್ದಾನೆ. ಕಿರಿಯನು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಮನೆ ಕೊಂಡಿದ್ದಾನೆ. ಕಿರಿಯ ಸೊಸೆಗೆಂದು ಕಟ್ಟಿಸಿದ ಅಡುಗೆಮನೆಯಲ್ಲಿ ಮೊದಲು ಒಲೆ ಹಚ್ಚಿದವಳು ನನ್ನ ಹೆಂಡತಿ.

ಈ ಬಡಾವಣೆಗಳಲ್ಲಿ ಸಂಜೆ ನಡೆದಾಡಿದವರಿಗೆ ಇದು ಒಂದು ಮನೆಯ ಕಥೆಯಲ್ಲವೆಂಬುದು ತಿಳಿಯುತ್ತದೆ. ಕೆಳಗೊಂದು ದೀಪ, ಮೇಲೆರಡು ಕತ್ತಲೆ. ಮಗನ ಊರಿನಿಂದ ಬಂದವನೆಂದು ಅವರು ನನ್ನಲ್ಲಿ ಬೆಂಗಳೂರಿನ ಮಳೆಯ ಸುದ್ದಿಯನ್ನು ಕೇಳುತ್ತಿದ್ದರು. ಬೀದರಕ್ಕೂ ಬೆಂಗಳೂರಿಗೂ ಇರುವ ದೂರವನ್ನು ಹೇಳಿದ ಮೇಲೂ ಕೇಳುವುದನ್ನು ಬಿಡಲಿಲ್ಲ. ಒಮ್ಮೆ ನಾನು, ಮೂರಂತಸ್ತು ಕಟ್ಟಿಸಿದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದೆ. ಮೇಶೋಮಶಾಯ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮೊದಮೊದಲು ಪ್ರತಿ ಪೂಜೆಗೂ ಆ ಕೋಣೆಗಳನ್ನು ತೊಳೆಸಿ ಕಾಯುತ್ತಿದ್ದೆ. ಅವರು ಬಂದರೂ ಅವರನ್ನು ನೋಡಿ ಸಂತೋಷಪಡುತ್ತಿರಲಿಲ್ಲ. ಯಾವಾಗ ಹೊರಡುತ್ತಾರೆಂದು ಎಣಿಸುತ್ತಿದ್ದೆ. ಬಾಡಿಗೆಗೆ ಕೊಟ್ಟ ವರ್ಷ ಮಗ ಬಂದು ನಮ್ಮ ಕೋಣೆಯ ನೆಲದ ಮೇಲೆಯೇ ಹಾಸಿಗೆ ಹಾಸಿಕೊಂಡು ಮಲಗಿದ. ರಾತ್ರಿ ಎರಡು ಗಂಟೆಯವರೆಗೆ ಮಾತಾಡಿದೆವು.”

ಇತ್ತ ಶಾಸ್ತ್ರಗಳೂ ಇದ್ದಲ್ಲೇ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನೂ ವಿಧವೆಯನ್ನೂ ವಾರಸುದಾರರ ಮೊದಲ ಸಾಲಿಗೆ ತಂದು, ಎರಡು ಪಂಥಗಳ ನಡುವಿನ ಗೋಡೆಯನ್ನು ಬಹುಮಟ್ಟಿಗೆ ಕೆಡವಿತು. ಮಿತಾಕ್ಷರದ ಸಹಭಾಗಿತ್ವವನ್ನು ಮಾತ್ರ ಗಂಡುಮಕ್ಕಳಿಗೇ ಉಳಿಸಿತ್ತು. ಆಂಧ್ರ, ತಮಿಳುನಾಡುಗಳ ಹಾದಿಯಲ್ಲಿ ಕರ್ನಾಟಕವು 1994ರ ಜುಲೈ 30ರಿಂದ, ಅದಕ್ಕೆ ಮುನ್ನ ಮದುವೆಯಾಗಿರದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಬರುವ ಹಕ್ಕನ್ನು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಅದು ದೇಶಕ್ಕೆಲ್ಲ ಅನ್ವಯವಾಯಿತು. ಹಾಗೆ ನಿಯಮವಾಗಲು ತಂದೆ ಆ ದಿನ ಬದುಕಿರಬೇಕಾದ ಅಗತ್ಯವೂ ಇಲ್ಲವೆಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ವಿಜ್ಞಾನೇಶ್ವರರ ವಾಕ್ಯದಲ್ಲಿ ‘ಮಗ’ ಎಂದಿದ್ದ ಕಡೆ ‘ಮಗಳೂ’ ಎಂದು ಸೇರಲು ಒಂಬತ್ತು ಶತಮಾನಗಳು ಹಿಡಿದವು. ನನ್ನ ತಂಗಿಯ ಸಹಿಯೂ ಬೇಕೆಂದು ವಕೀಲರು ಹೇಳಿದ್ದರ ಹಿಂದೆ ಇಷ್ಟು ಚರಿತ್ರೆಯಿದೆ.

ಚೈತ್ರದಲ್ಲಿ ಊರಿಗೆ ಹೋದೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅಪ್ಪ ಮೊದಲು ಸಹಿ ಮಾಡಿ ಹೆಬ್ಬೆಟ್ಟೊತ್ತಿದರು, ಆಮೇಲೆ ನಾನು, ಆಮೇಲೆ ತಂಗಿ. ಹಿಂದಿನ ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ, ಇಷ್ಟು ಸುಲಭವಾಗಿ ಹೇಗೆ ಬಿಡುತ್ತೀರಿ ಎಂದು ನಾನು ಅಪ್ಪನನ್ನು ಕೇಳಿಬಿಟ್ಟಿದ್ದೆ. “ನೀ ಬಂದು ಇಲ್ಲೇ ಇರತಿ ಅಂತ ಹತ್ತು ವರ್ಷ ಕಾದೆ. ಆಮ್ಯಾಲೆ ಅದನ್ನ ಬಿಟ್ಟೆ. ಅದನ್ನ ಬಿಟ್ಟ ಮ್ಯಾಲೆ ಮನೀ ಬಿಡೂದು ಏನು ದೊಡ್ಡದು?” ಎಂದರು. ಅವರ ದನಿಯಲ್ಲಿ ದೂರಿರಲಿಲ್ಲ. ಅವರು ಯಾವ ವರ್ಷ ಅದನ್ನು ಬಿಟ್ಟರೋ ನನಗೆ ತಿಳಿಯದು. ಹುಟ್ಟಿನಿಂದಲೇ ನನ್ನದೆಂಬ ಹಕ್ಕನ್ನು ಎದೆಯಲ್ಲಿ ಹೊತ್ತು, ಕಾಯುವ ಕೆಲಸವನ್ನು ಮಾತ್ರ ಅವರಿಗೆ ವಹಿಸಿ, ದೂರದಲ್ಲಿ ನಿಶ್ಚಿಂತನಾಗಿದ್ದವನು ನಾನು. ಅವ್ವ ಮರುದಿನ ಹೊರಡುವಾಗ ರೊಟ್ಟಿ ಬಡಿಯುವ ಕೊಣಮಿಗೆಯನ್ನು ಮಾತ್ರ ತಂಗಿಯ ಕೈಗಿತ್ತಳು.

ಈಗ ಸಂಜೆ ಫೋನು ಬರುವುದು ಕಲಬುರಗಿಯಿಂದ. ಹಿನ್ನೆಲೆಯಲ್ಲಿ ತಂಗಿಯ ಮಕ್ಕಳ ಗದ್ದಲ ಕೇಳುತ್ತದೆ; ಅಪ್ಪ ಅವರಿಗೆ ಲೆಕ್ಕ ಹೇಳಿಕೊಡುತ್ತಿರುತ್ತಾರೆ. ನನ್ನ ಮಗಳು ಅಜ್ಜನೊಡನೆ ಕನ್ನಡದಲ್ಲಿ ಮಾತನಾಡುತ್ತಾಳೆ, ಆದರೆ ಶಾಲೆಯಲ್ಲಿ ಓದಿ ಬರೆಯುವುದು ಬಂಗಾಳಿ. ಅವಳು ಕನ್ನಡವನ್ನು ಓದಲೇಬೇಕೆಂದು ನಾನು ಹಿಡಿದಿದ್ದ ಹಟವನ್ನು ಸದ್ಯ ಸಡಿಲಿಸಿದ್ದೇನೆ. ನನ್ನ ಪುಸ್ತಕಗಳು ಅವಳ ಕೈಗೆ ಸಿಗುವ ಕಪಾಟಿನಲ್ಲಿವೆ. ಮೊನ್ನೆ ಮೇಶೋಮಶಾಯ್ ಮೆಟ್ಟಿಲಲ್ಲಿ ಎದುರಾಗಿ, ಸಹಿಯಾಯಿತೇ ಎಂದು ವಿಚಾರಿಸಿದರು. ಆಯಿತೆಂದೆ. ಕಲಬುರಗಿಯಲ್ಲಿ ಮಳೆ ಹೇಗೆ ಎಂದು ಕೇಳಿದರು.